ಅಮ್ಮ ತೂಕ ಇಳಿಸೋಕೆ ಗಾರ್ಸಿನಿಯಾ ಕ್ಯಾಪ್ಸೂಲ್ ತಗೋಬಹುದಾ?

ನಿಮ್ಮಮ್ಮಂಗೆ 52 ವರ್ಷ, ಶುಗರ್ ಮಾತ್ರೆ ನಡೀತಿದೆ, ಆನ್‌ಲೈನಲ್ಲಿ ಗಾರ್ಸಿನಿಯಾ ಕ್ಯಾಂಬೋಜಿಯಾ ಡಬ್ಬಿ ತರಿಸ್ಕೊಂಡಿದಾರೆ, ಕೇಳಿದ್ರೆ ನಮ್ ಮಲೆನಾಡಿನ ಉಪ್ಪಾಗೆನೇ ಅಲ್ವಾ ಅದು, ಸಾರಿಗೆ ಹಾಕೋದು, ಏನಾಗತ್ತೆ ಅಂತಾರೆ ಅಂತ ಬರ್ದಿದೀರ. ನಾನು ನೇರವಾಗೇ ಹೇಳ್ತೀನಿ, ಕೊಡ್ಬೇಡಿ. ಶುರು ಮಾಡಿದ್ರೆ ಇವತ್ತೇ ನಿಲ್ಸಿ. ನಮ್ಮನೇಲಿ ಇದ್ರಿಂದ ಆಗಿದ್ದು ನೋಡಿದೀನಿ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಪೂರ್ತಿ ಓದಿ.

ನಿಮ್ಮಮ್ಮ ಹೇಳೋದ್ರಲ್ಲಿ ಅರ್ಧ ನಿಜ ಇದೆ. ಗಿಡ ಅದೇ. ನಮ್ದು ಹೊಸನಗರದ ಹತ್ರ, ಮಳೆಗಾಲದಲ್ಲಿ ಉಪ್ಪಾಗೆ ಮರದಡಿ ಹಳದಿ ಹಣ್ಣು ಬಿದ್ದಿರತ್ತೆ, ಸಣ್ಣ ಕುಂಬಳಕಾಯಿ ಥರ ಗೀರು ಗೀರು ಇರತ್ತಲ್ಲ ಅದು. ಬೀಜ ಬೇರೆ ತೆಗ್ದು ಸಿಪ್ಪೆನ ಒಣಗ್ಸೋದು, ಆದ್ರೆ ಆ ಮಳೇಲಿ ಬಿಸಿಲೆಲ್ಲಿ ಬರತ್ತೆ, ಅದಕ್ಕೆ ಬೆಂಕಿ ಮೇಲೆ ತಟ್ಟಿ ಕಟ್ಟಿ ಹೊಗೇಲೇ ಒಣಗ್ಸ್ತೀವಿ, ಕಪ್ಪಗೆ ಚರ್ಮದ ಥರ ಆಗತ್ತೆ. ಬೀಜದಿಂದ ತುಪ್ಪ ತೆಗೀತಾರೆ, ದೋಸೆಗೆ ಹಾಕ್ತಾರೆ. ಮೀನು ಸಾರಿಗೆ ನಮ್ಮಮ್ಮ ಎರಡೇ ಎರಡು ಎಸಳು ತೊಳ್ದು ಹಾಕೋದು, ಹುಳಿ ಬಿಟ್ಕೊಂಡ್ಮೇಲೆ ಎಸಳು ತಟ್ಟೆ ಅಂಚಲ್ಲಿ ಉಳಿಯತ್ತೆ, ಅದನ್ನ ಯಾರೂ ತಿನ್ನಲ್ಲ. ಇಷ್ಟನ್ನ ತಲೆತಲಾಂತರದಿಂದ ತಿಂತಿದೀವಿ, ಅದ್ರ ಬಗ್ಗೆ ನಂಗೆ ಯಾವ ಭಯನೂ ಇಲ್ಲ.

ಕ್ಯಾಪ್ಸೂಲಿನ ಕತೆ ಬೇರೆ. ಸಿಪ್ಪೆಯಲ್ಲಿರೋ ಹೈಡ್ರಾಕ್ಸಿಸಿಟ್ರಿಕ್ ಆಸಿಡ್ ಅನ್ನೋ ಹುಳಿನ, ಎಚ್‌ಸಿಎ ಅಂತಾರೆ, ಅದನ್ನ ಬೇರೆ ಮಾಡಿ ಗಟ್ಟಿ ಮಾಡಿ ತುಂಬಿರ್ತಾರೆ. ಅತ್ತಿಗೆ ತಗೋತಿದ್ದ ಡಬ್ಬಿ ಮೇಲೆ 500 ಮಿಲಿಗ್ರಾಂ, 60% ಎಚ್‌ಸಿಎ, ದಿನಕ್ಕೆ ಮೂರು ಅಂತಿತ್ತು. ಅಂದ್ರೆ ದಿನಾ 900 ಮಿಲಿಗ್ರಾಂ ಬರೀ ಆ ಆಸಿಡ್, ತಿಂಗಳಾನುಗಟ್ಲೆ, ಸಾರೂ ಇಲ್ಲ ಅನ್ನನೂ ಇಲ್ಲ.

ಅತ್ತಿಗೆ ಅಂದ್ರೆ ನಮ್ಮಣ್ಣನ ಹೆಂಡ್ತಿ, ಸಾಗರದಲ್ಲಿರೋದು. ಮಗಳ ನಿಶ್ಚಿತಾರ್ಥದ ಹೊತ್ತಿಗೆ ಸ್ವಲ್ಪ ಸಣ್ಣ ಆಗ್ಬೇಕು ಅಂತ ಶುರು ಮಾಡಿದ್ರು. ಆರನೇ ವಾರಕ್ಕೆ ಹಸಿವೇ ಇಲ್ಲ, ಊಟ ಕಂಡ್ರೆ ವಾಕರಿಕೆ. ಅವ್ರಿಗೆ ಖುಷಿ, ಮಾತ್ರೆ ಕೆಲ್ಸ ಮಾಡ್ತಿದೆ, ಡಬ್ಬಿ ಮೇಲೇ ಹಸಿವು ಕಮ್ಮಿ ಮಾಡತ್ತೆ ಅಂತ ಬರ್ದಿದೆಯಲ್ಲ ಅಂತ. ಅದು ಲಿವರ್ ಕೆಟ್ಟಿದ್ದರ ಲಕ್ಷಣ ಅಂತ ನಮಗ್ಯಾರಿಗೂ ಹೊಳೀಲಿಲ್ಲ. ಆಮೇಲೆ ಅಂಗೈ ಅಂಗಾಲು ಕೆರೆತ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣ. ಒಂದಿನ ಬೆಳಿಗ್ಗೆ ಜಗಲಿ ಮೇಲೆ ಹೂ ಕಟ್ತಾ ಕೂತಿದ್ರು, ತಲೆ ಎತ್ತಿ ನೋಡಿದಾಗ ಕಣ್ಣಿನ ಬಿಳಿ ಭಾಗ ಪೂರ್ತಿ ಅರಿಶಿನ.

ಮಲೆನಾಡಲ್ಲಿ ಕಾಮಾಲೆ ಅಂದ್ರೆ ಮೊದ್ಲು ನಾಟಿ ಔಷಧಿ, ನಿಮಗೂ ಗೊತ್ತಿರತ್ತೆ. ನಾಲ್ಕು ದಿನ ಸೊಪ್ಪಿನ ರಸ ಕುಡಿಸಿದ್ರು, ಈ ಕ್ಯಾಪ್ಸೂಲೂ ಜೊತೆಗೇ ನಡೀತಿತ್ತು! ಐದನೇ ದಿನ ಎದ್ದು ನಿಲ್ಲೋಕಾಗ್ದೆ ಶಿವಮೊಗ್ಗಕ್ಕೆ ಕರ್ಕೊಂಡ್ ಹೋದ್ವಿ. ಡಾಕ್ಟರು ಏನಾದ್ರೂ ಔಷಧಿ ತಗೋತಿದೀರಾಮ್ಮ ಅಂತ ಎರಡು ಸಲ ಕೇಳಿದ್ರು, ಅತ್ತಿಗೆ ಎರಡು ಸಲನೂ ಇಲ್ಲ ಅಂದ್ರು. ಸುಳ್ಳು ಹೇಳಿದ್ದಲ್ಲ, ಅದು ಔಷಧಿ ಅಂತ ಅವ್ರ ಲೆಕ್ಕದಲ್ಲೇ ಇರ್ಲಿಲ್ಲ. ಹೆಪಟೈಟಿಸ್ ಎ, ಬಿ, ಇ ಎಲ್ಲ ಟೆಸ್ಟೂ ನೆಗೆಟಿವ್ ಬಂತು, ಸ್ಕ್ಯಾನಿಂಗಲ್ಲಿ ಪಿತ್ತಕೋಶದ ಕಲ್ಲೂ ಇಲ್ಲ. ಮೂರನೇ ದಿನ ಮಗಳು ಮನೆಯಿಂದ ಬಟ್ಟೆ ತರೋಕೆ ಹೋದವಳು ಡಬ್ಬಿ ನೋಡಿ ಬ್ಯಾಗಿಗೆ ಹಾಕ್ಕೊಂಡ್ ಬಂದ್ಲು, ಆಗ್ಲೇ ಗೊತ್ತಾಗಿದ್ದು. ಇದೇ ಕಾರಣ ಅಂತ ನೂರಕ್ಕೆ ನೂರು ಹೇಳೋಕೆ ಯಾವ ಟೆಸ್ಟೂ ಇಲ್ವಂತೆ, ಉಳಿದಿದ್ದೆಲ್ಲ ಒಂದೊಂದಾಗಿ ತೆಗ್ದು ಇದಕ್ಕೆ ಬರೋದು. ಹನ್ನೊಂದು ದಿನ ಆಸ್ಪತ್ರೆ, ಬ್ಲಡ್ ರಿಪೋರ್ಟ್ ನಾರ್ಮಲ್ ಆಗೋಕೆ ಮತ್ತೆ ಎರಡೂವರೆ ತಿಂಗಳು.

ಹಾಗಾದ್ರೆ ಉಪಯೋಗನೇ ಇಲ್ವಾ ಅಂತ ಕೇಳಿದೀರ. ಸಕ್ಕರೆ ಅಂಶದಿಂದ ಮೈಯಲ್ಲಿ ಕೊಬ್ಬು ಆಗೋಕೆ ಬೇಕಾದ ಒಂದು ಕಿಣ್ವನ ಎಚ್‌ಸಿಎ ತಡೆಯತ್ತೆ, ಇಲಿಗಳಲ್ಲಿ ಚೆನ್ನಾಗೇ ಕೆಲ್ಸ ಮಾಡಿದೆ. ಮನುಷ್ಯರಿಗೆ ಬಂದಾಗ ಅಷ್ಟಕ್ಕಷ್ಟೇ. 1998ರಲ್ಲಿ ಅಮೆರಿಕದ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೇಲಿ ಒಂದು ಪರೀಕ್ಷೆ ಬಂತು, 135 ಜನ, 12 ವಾರ, ದಿನಕ್ಕೆ 1500 ಮಿಲಿಗ್ರಾಂ. ಎಚ್‌ಸಿಎ ತಗೊಂಡವ್ರು ಸರಾಸರಿ 3.2 ಕೆಜಿ ಇಳಿದ್ರು, ಖಾಲಿ ಮಾತ್ರೆ ತಗೊಂಡವ್ರು 4.1 ಕೆಜಿ. ಇಬ್ಬರಿಗೂ ಊಟ ಕಮ್ಮಿ ಮಾಡ್ಸಿದ್ರು, ಇಳಿದಿದ್ದು ಅದ್ರಿಂದ.

ಅಪಾಯದ ಕಡೆ ನೋಡಿ. 2009ರಲ್ಲಿ ಅಮೆರಿಕದ ಆಹಾರ, ಔಷಧಿ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಡಿಎ ಗಾರ್ಸಿನಿಯಾನೂ ಹಾಕ್ತಿದ್ದ ಹೈಡ್ರಾಕ್ಸಿಕಟ್ ಅನ್ನೋ ತೂಕ ಇಳಿಸೋ ಮಾತ್ರೆ ನಿಲ್ಸಿ ಅಂತ ಜನಕ್ಕೆ ಹೇಳ್ತು, ಲಿವರ್ ತೊಂದ್ರೆ ಆದ 23 ವರದಿ ಬಂದಿತ್ತು. ಅದ್ರಲ್ಲಿ ಬೇರೆ ಬೇರೆ ಸಾಮಾನೂ ಸೇರಿತ್ತು, ಪೂರ್ತಿ ಉಪ್ಪಾಗೆ ತಲೆಗೇ ಕಟ್ಟೋ ಹಾಗಿಲ್ಲ. ಆದ್ರೆ ಆಮೇಲೆ ಅಲ್ಲಿನ ಲಿವರ್ ತಜ್ಞರು ಗಾರ್ಸಿನಿಯಾ ಇದ್ದ ಮಾತ್ರೆಯಿಂದ ಲಿವರ್ ಕೆಟ್ಟ 22 ಜನರ ಲೆಕ್ಕ ಇಟ್ಟಿದಾರೆ, ಅದ್ರಲ್ಲಿ 5 ಜನ ಗಾರ್ಸಿನಿಯಾ ಒಂದನ್ನೇ ತಗೊಂಡವ್ರು, ಹೆಚ್ಚಿನವ್ರು ಗ್ರೀನ್ ಟೀ ಜೊತೆ ಸೇರ್ಸಿದ್ದು. ಶುರು ಮಾಡಿದ 13 ದಿನಕ್ಕೂ ಕಾಣಿಸ್ಕೊಂಡಿದೆ, 223 ದಿನಕ್ಕೂ ಕಾಣಿಸ್ಕೊಂಡಿದೆ. ಕೆಲವ್ರ ವಂಶವಾಹಿಯಲ್ಲೇ ಇದಕ್ಕೆ ಒಗ್ಗದ ಗುಣ ಇರತ್ತೆ ಅಂತನೂ ಗೊತ್ತಾಗಿದೆ. ತಗೊಂಡವ್ರಿಗೆಲ್ಲ ಹಿಂಗಾಗಲ್ಲ, ತುಂಬಾ ಕಮ್ಮಿ ಜನಕ್ಕೆ. ಆ ಕಮ್ಮಿ ಜನ ಯಾರು ಅಂತ ಮೊದ್ಲೇ ಹೇಳೋಕೆ ಆಗಲ್ವಲ್ಲ.

ನಿಮ್ಮಮ್ಮನ ವಿಷ್ಯದಲ್ಲಿ ಇನ್ನೂ ಒಂದಿದೆ. ಇದು ಸಕ್ಕರೆ ಮಟ್ಟನೂ ಇಳಿಸಬಹುದು, ಶುಗರ್ ಮಾತ್ರೆ ಜೊತೆ ಸೇರಿದ್ರೆ ಶುಗರ್ ತೀರಾ ಇಳಿದು ಬೆವರು, ನಡುಕ, ತಲೆಸುತ್ತು ಬರೋ ಅಪಾಯ ಇದೆ. ಖಿನ್ನತೆ ಮಾತ್ರೆ ತಗೊಳ್ಳೋರಿಗೂ ಒಳ್ಳೇದಲ್ಲ. ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆ ಅಂತ ಧೈರ್ಯ ಮಾಡ್ಬೇಡಿ, ಅದು ಆಹಾರ ಪದಾರ್ಥದ ಲೈಸೆನ್ಸು, ತೂಕ ಇಳಿಯತ್ತೆ ಅನ್ನೋದಕ್ಕೆ ಸರ್ಟಿಫಿಕೇಟ್ ಅಲ್ಲ.

ಡಬ್ಬಿನ ಮಾತ್ರ ಎಸೀಬೇಡಿ, ಶುಗರ್ ನೋಡೋ ಡಾಕ್ಟರ ಹತ್ರ ಅಮ್ಮನ ಜೊತೆ ಅದನ್ನೂ ತಗೊಂಡು ಹೋಗಿ, ಬಾಯಲ್ಲಿ ಹೇಳಿದ್ರೆ ಸಾಲ್ದು, ಹಿಂದಿನ ಲೇಬಲ್ ಅವ್ರೇ ಓದ್ಲಿ. ಎಷ್ಟು ದಿನದಿಂದ ತಗೋತಿದಾರೆ ಅಂತ ನೀವು ಬರ್ದಿಲ್ಲ. ಒಂದೆರಡು ವಾರ ದಾಟಿದ್ರೆ ಲಿವರ್ ಹೇಗಿದೆ ಅಂತ ನೋಡೋ ರಕ್ತದ ಟೆಸ್ಟು, ಎಲ್‌ಎಫ್‌ಟಿ ಮಾಡ್ಸೋಣ್ವಾ ಅಂತ ನೀವೇ ಕೇಳಿ, ಬರೀ ರಕ್ತ ಕೊಟ್ರೆ ಆಯ್ತು. ಹಸಿವು ಸತ್ತಿದ್ರೆ, ಕೆರೆತ ಇದ್ರೆ, ಮೂತ್ರದ ಬಣ್ಣ ಬದ್ಲಾಗಿದ್ರೆ ನಾಳೆ ಅನ್ಬೇಡಿ, ಇವತ್ತೇ ಹೋಗಿ.