ರಾಗ ಆಮೇಲೆ, ಮೊದಲು ಇಸಿಜಿ

ಪ್ರಶ್ನೆ: ಎದೆ ಹಿಡಿದುಕೊಂಡಾಗ ಜೋರಾಗಿ ಕೆಮ್ಮುತ್ತಿದ್ದರೆ ಹೃದಯಾಘಾತ ತಪ್ಪುತ್ತದಂತೆ, ನಿಜವೇ? (ಸಕಲೇಶಪುರ)

ಸುಳ್ಳು. ಕೆಮ್ಮುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಹಾಸನದಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಹೃದಯಾಘಾತವಾದವರಿಗೆ ಸಂಗೀತ ಚಿಕಿತ್ಸೆ ಕೊಡುವ ಬಗ್ಗೆ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ಹೃದಯಕ್ಕೆ ಯಾವ ರಾಗ ಒಳ್ಳೆಯದು? ಎಷ್ಟು ಹೊತ್ತು ಕೇಳಿಸಬೇಕು?

ಪ್ರಾಜೆಕ್ಟ್ ಕಾಲ ಬಂತೆಂದರೆ ಈ ‘ಯಾವ ರಾಗ’ ಪ್ರಶ್ನೆ ಬಂದೇ ಬರುತ್ತದೆ. ಬಿಪಿಗೆ ಈ ರಾಗ, ಶುಗರ್‌ಗೆ ಆ ರಾಗ ಎಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಪಟ್ಟಿಯನ್ನು ದಯವಿಟ್ಟು ವಾರ್ಡಿಗೆ ತರಬೇಡಿ. ಅದಕ್ಕೆ ಆಧಾರವಿಲ್ಲ.

ಆಧಾರವಿರುವುದು ಇಷ್ಟಕ್ಕೆ: ಹೃದ್ರೋಗಿಗಳಿಗೆ ಸಂಗೀತ ಕೇಳಿಸಿದ 26 ಪ್ರಯೋಗಗಳನ್ನು, ಒಟ್ಟು 1,369 ಜನರ ಮಾಹಿತಿಯನ್ನು, ಚಿಕಿತ್ಸೆಗಳಿಗೆ ಆಧಾರವಿದೆಯೇ ಎಂದು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2013ರ ಪರಾಮರ್ಶೆ ಒಟ್ಟಿಗೆ ಇಟ್ಟು ನೋಡಿತು. ಆತಂಕ ಕಡಿಮೆಯಾಗಿತ್ತು, ಅದರಲ್ಲೂ ಹೃದಯಾಘಾತವಾದವರಲ್ಲಿ, ತಮಗೆ ಬೇಕಾದ್ದನ್ನು ತಾವೇ ಆರಿಸಿಕೊಂಡಾಗ. ನಾಡಿ, ಬಿಪಿ ತುಸು ಇಳಿದಿದ್ದವು. ಹಲವು ಪ್ರಯೋಗಗಳ ಗುಣಮಟ್ಟ ಸಾಲದು ಎಂದೂ ಅದರಲ್ಲೇ ಇದೆ. ಸಾವನ್ನು ತಗ್ಗಿಸಿದ್ದು ಬೇರೆ: ಹೃದಯಾಘಾತವಾದವರ ಮೇಲೆ ನಡೆದ, 1988ರ ಐಸಿಸ್-2 ಎಂಬ ಔಷಧ ಪ್ರಯೋಗದಲ್ಲಿ ಆಸ್ಪಿರಿನ್ ಒಂದೇ ಐದು ವಾರದೊಳಗಿನ ಹೃದಯ–ರಕ್ತನಾಳದ ಸಾವನ್ನು ಶೇ 23ರಷ್ಟು ಇಳಿಸಿತು. ಹಾಡು ಹೃದಯದ ರಕ್ತನಾಳ ಕಟ್ಟಿದ ಹೆಪ್ಪನ್ನು ಕರಗಿಸುವುದಿಲ್ಲ. ಹೆದರಿಕೆಯಿಂದ ಅಡ್ರಿನಲಿನ್ ಏರಿ, ನಾಡಿ ಏರಿ, ಮೊದಲೇ ಆಮ್ಲಜನಕಕ್ಕೆ ಪರದಾಡುತ್ತಿರುವ ಹೃದಯದ ಸ್ನಾಯುವಿಗೆ ಕೆಲಸ ಹೆಚ್ಚುತ್ತದಲ್ಲ, ಆ ಹೆದರಿಕೆಯನ್ನು ಇಳಿಸುವುದಷ್ಟೇ ಅದರ ಕೆಲಸ. ಇದು ಸಣ್ಣ ಕೆಲಸವಲ್ಲ. ಸಿಸಿಯುನಲ್ಲಿ (ಹೃದ್ರೋಗಿಗಳ ತೀವ್ರ ನಿಗಾ ಘಟಕ) ರಾತ್ರಿಯೆಲ್ಲ ಮಾನಿಟರ್ ಸದ್ದು ಕೇಳುತ್ತಾ ಮಲಗಿದವರ ಭಯ ನರ್ಸ್‌ಗಳ ಕಣ್ಣಿಗೇ ಮೊದಲು ಬೀಳುವುದು.

ಯಾವಾಗ ಶುರು ಮಾಡಬೇಕು ಎಂಬುದನ್ನು ನೀವು ಕೇಳಿಲ್ಲ, ಕೇಳಬೇಕಿದ್ದುದು ಅದನ್ನೇ. ಎದೆನೋವು ಪೂರ್ತಿ ನಿಂತು, ಬಿಪಿ ಮತ್ತು ಹೃದಯದ ಲಯ ಸ್ಥಿರವಾದ ಮೇಲೆ, ವೈದ್ಯರು ಒಪ್ಪಿದರೆ ಮಾತ್ರ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟ ಮೊದಲ ದಿನ ಹೆಡ್‌ಫೋನ್ ಬೇಡವೇ ಬೇಡ. ಆಗ ಲಯ ತಪ್ಪಬಹುದು, ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ತಲೆನೋವಿದೆಯೇ, ಮಾತು ತೊದಲುತ್ತಿದೆಯೇ ಎಂದು ಪದೇ ಪದೇ ಮಾತನಾಡಿಸಿ ನೋಡಬೇಕು. ಕಿವಿಗೆ ಹಾಡು ಹಾಕಿಕೊಂಡು ಕಣ್ಣು ಮುಚ್ಚಿದವರನ್ನು ನಿದ್ದೆ ಬಂದಿದೆ ಎಂದುಕೊಂಡು ಬಿಟ್ಟುಬಿಡುವುದು ಸುಲಭ. ನನಗೆ ಅದೇ ಭಯ.

ಆಯ್ಕೆ ರೋಗಿಯದು. ಹೊಳೆನರಸೀಪುರದವರು ದಾಸರ ಪದ ಕೇಳಲಿ, ಕೊಪ್ಪದವರು ಭಾಗವತಿಕೆ ಕೇಳಲಿ. ನೀವು ನೋಡಬೇಕಾದ್ದು ಹಾಡಿನ ನಡೆಯನ್ನು: ನಿಮಿಷಕ್ಕೆ 60ರಿಂದ 80 ಬಡಿತ, ನಡುವೆ ಚೆಂಡೆಯಂಥ ದಿಢೀರ್ ಅಬ್ಬರವಿರಬಾರದು. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಮಧ್ಯೆ ಜಾಹೀರಾತು ಕಿರುಚಿದರೆ ಇಳಿದ ನಾಡಿ ಮತ್ತೆ ಏರುತ್ತದೆ. 20ರಿಂದ 30 ನಿಮಿಷ ಸಾಕು. ಮಂಚದ ಪಕ್ಕ ನಿಂತು ಮಾಮೂಲಿ ದನಿಯಲ್ಲಿ ಹೆಸರು ಹಿಡಿದು ಕರೆದರೆ ರೋಗಿ ತಿರುಗಿ ನೋಡಬೇಕು, ವಾಲ್ಯೂಮ್ ಅದಕ್ಕಿಂತ ಹೆಚ್ಚಬಾರದು. ಪೇಸ್‌ಮೇಕರ್ ಇದ್ದವರು ಹೆಡ್‌ಫೋನನ್ನು ಕತ್ತಿಗೆ ಹಾಕಿಕೊಳ್ಳಬಾರದು, ಎದೆಯ ಮೇಲೂ ಇಡಬಾರದು. ಅದರೊಳಗಿನ ಅಯಸ್ಕಾಂತದಿಂದಾಗಿ 15 ಸೆಂ.ಮೀ. ದೂರವಿರಲಿ. ಒಬ್ಬರಿಂದ ಒಬ್ಬರಿಗೆ ಕೊಡುವಾಗ ಸ್ಪಿರಿಟ್ ಹತ್ತಿಯಲ್ಲಿ ಒರೆಸಿ.

ಇನ್ನು ಲೆಕ್ಕ. ಹೆಚ್ಚಿನ ಪ್ರಾಜೆಕ್ಟ್‌ಗಳು ಕೆಡುವುದು ಇಲ್ಲೇ. ಎಂಟಕ್ಕೆ ನಾಡಿ ಇಳಿಸುವ ಮೆಟೊಪ್ರೊಲಾಲ್ ಮಾತ್ರೆ ಕೊಟ್ಟು, ಒಂಬತ್ತಕ್ಕೆ ಹಾಡು ಹಾಕಿ, ನಾಡಿ ಇಳಿಯಿತು ಎಂದು ಬರೆದರೆ ಅದು ಮಾತ್ರೆಯ ಫಲ. ಮಾತ್ರೆ, ನಿದ್ದೆಗುಳಿಗೆ, ನೋವಿನ ಇಂಜೆಕ್ಷನ್ ಕೊಟ್ಟ ಹೊತ್ತನ್ನೆಲ್ಲ ಬರೆದಿಡಿ. ಹಾಡು ಕೇಳಿಸದ ಹೋಲಿಕೆಯ ಗುಂಪಿಗೂ ಅಷ್ಟೇ ಹೊತ್ತು ಪರದೆ ಎಳೆದು, ಮೊಬೈಲ್ ಇಲ್ಲದೆ, ಸುಮ್ಮನೆ ಮಲಗಲು ಬಿಡಿ. ಇಲ್ಲದಿದ್ದರೆ ವಿಶ್ರಾಂತಿಯ ಲಾಭವನ್ನೂ ಸಂಗೀತದ ಖಾತೆಗೆ ಬರೆದಂತಾಗುತ್ತದೆ. ಐದು ನಿಮಿಷ ವಿಶ್ರಾಂತಿಯ ನಂತರ, ಪ್ರತಿ ಸಲವೂ ಅದೇ ತೋಳಿನಲ್ಲಿ ಬಿಪಿ ನೋಡಿ. ಯಾರು ಯಾವ ಗುಂಪು ಎಂದು ಗೊತ್ತಿಲ್ಲದವರು ಅಳೆದರೆ ಇನ್ನೂ ಒಳ್ಳೆಯದು. ಎಥಿಕ್ಸ್ ಸಮಿತಿಯ ಅನುಮತಿ, ಕನ್ನಡದಲ್ಲಿ ಒಪ್ಪಿಗೆ ಪತ್ರ ಇರಲೇಬೇಕು. ನಡುವೆ ಎದೆನೋವು ಬಂತೋ, ಹೆಡ್‌ಫೋನ್ ತೆಗೆದು ಕೂಡಲೇ 12 ಲೀಡ್ ಇಸಿಜಿ ತೆಗೆಯಿರಿ, ಡಾಕ್ಟರನ್ನು ಕರೆಯಿರಿ.

ಪ್ರಶ್ನೆ: ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಜೇನಿನ ಕಷಾಯದಿಂದ ಬ್ಲಾಕ್ ಕರಗುತ್ತದೆಯೇ? (ಮೂಡಿಗೆರೆ)

ಕರಗುವುದಿಲ್ಲ. ಇದನ್ನು ಮಾರುತ್ತಾ, ಸ್ಟೆಂಟ್ ಹಾಕಿಸಿಕೊಂಡವರ ಕ್ಲೋಪಿಡೋಗ್ರೆಲ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಬಿಡಿಸುವವರು ಜೀವ ತೆಗೆಯುತ್ತಿದ್ದಾರೆ. ಮಾತ್ರೆ ನಿಂತರೆ ಸ್ಟೆಂಟ್‌ನೊಳಗೇ ರಕ್ತ ಹೆಪ್ಪುಗಟ್ಟಬಹುದು.

ಪ್ರಶ್ನೆ: ಎದೆನೋವು ಬಂದರೆ ಇಲ್ಲಿ ಹೊತ್ತು ಕಳೆಯುವ ಬದಲು ನೇರ ಮೈಸೂರಿಗೇ ಕರೆದೊಯ್ಯುವುದು ವಾಸಿಯಲ್ಲವೇ? (ಬೇಲೂರು)

ಅಲ್ಲ. ದಾರಿಯಲ್ಲೇ ಎರಡು ಗಂಟೆಗೂ ಹೆಚ್ಚು ಹೋಗುತ್ತದೆ, ಅಷ್ಟು ಹೊತ್ತೂ ಸ್ನಾಯು ಸಾಯುತ್ತಿರುತ್ತದೆ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಟೆನೆಕ್ಟೆಪ್ಲೇಸ್ ಉಚಿತ. ಅದು ಕೊಟ್ಟ ಮೇಲೆ ಆಂಜಿಯೋಗ್ರಾಂ ಇರುವ ಕಡೆಗೆ ಸಾಗಿಸಬೇಕು. ಗ್ಯಾಸ್ ಇರಬೇಕೆಂದು ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಂಡು ಬರಬೇಡಿ. ಹೆಪ್ಪು ಕರಗಿಸುವ ಔಷಧ ಕೊಟ್ಟಾಗ ಚುಚ್ಚಿದ ಜಾಗದಲ್ಲಿ ರಕ್ತ ಸೋರಿ ಊದಿಕೊಳ್ಳುತ್ತದೆ. ನೋವು ಶುರುವಾದ ಹೊತ್ತು, ತಿನ್ನುತ್ತಿರುವ ಮಾತ್ರೆಗಳು, ಹಿಂದೆ ಸ್ಟ್ರೋಕ್ ಆಗಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಡಾಕ್ಟರು ಮೊದಲು ಕೇಳುವುದು ಇವನ್ನೇ.