ಸಬ್‌ಸ್ಕ್ರೈಬರ್ ಲೆಕ್ಕ ಬಿಡಿ, ಜನ ಎಲ್ಲಿ ಎದ್ದು ಹೋದರು ನೋಡಿ

ಪ್ರಶ್ನೆ: ಸೈಕಲ್ ರಿಪೇರಿ ನನ್ನ ಹವ್ಯಾಸ. ಎರಡು ವರ್ಷದಿಂದ ಯೂಟ್ಯೂಬ್‌ಗೆ ವಿಡಿಯೋ ಹಾಕುತ್ತಿದ್ದೇನೆ. ನಡುನಡುವೆ ಪ್ರವಾಸದ ವಿಡಿಯೋ, ನಮ್ಮ ನಾಯಿಯ ವಿಡಿಯೋನೂ ಹಾಕುತ್ತೇನೆ. ಸಬ್‌ಸ್ಕ್ರೈಬರ್‌ಗಳು 400ರ ಹತ್ತಿರ ಬಂದು ನಿಂತುಬಿಟ್ಟಿದ್ದಾರೆ. ಚಾನೆಲ್ ಬೆಳೆಸಿ ಸಂಪಾದನೆ ಮಾಡುವ ಆಸೆ. ಏನು ಮಾಡಲಿ?

ಉತ್ತರ: 400ರ ಲೆಕ್ಕವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಯೂಟ್ಯೂಬ್ ಸ್ಟುಡಿಯೋ ತೆರೆದು ಯಾವುದಾದರೂ ಒಂದು ರಿಪೇರಿ ವಿಡಿಯೋದ ರಿಟೆನ್ಶನ್ ಗ್ರಾಫ್ ನೋಡಿ. ಯಾವ ಹೊತ್ತಿಗೆ ಎಷ್ಟು ಜನ ಇನ್ನೂ ನೋಡುತ್ತಿದ್ದರು ಅಂತ ಅದು ಗೆರೆ ಎಳೆದು ತೋರಿಸುತ್ತದೆ. ಗೆರೆ ಧಡಕ್ಕನೆ ಇಳಿದಿದ್ದರೆ ಅಲ್ಲಿ ಜನ ಎದ್ದು ಹೋಗಿದ್ದಾರೆ. ನಡುವೆ ಉಬ್ಬಿದ್ದರೆ ಅಲ್ಲಿ ಹಿಂದಕ್ಕೆ ಹೋಗಿ ಮತ್ತೆ ನೋಡಿದ್ದಾರೆ.

ನಿಮ್ಮ ಚಾನೆಲ್ ನಾನು ನೋಡಿಲ್ಲ. ಆದರೂ ಮೊದಲ ಅರ್ಧ ನಿಮಿಷದಲ್ಲೇ ಗೆರೆ ಕುಸಿದಿದೆ ಅಂತ ಪಂದ್ಯ ಕಟ್ಟುತ್ತೇನೆ. "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ, ಹೊಸಬರಾಗಿದ್ದರೆ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಐಕಾನ್ ಒತ್ತಿ..." ಆಮೇಲೆ ತಿರುಗುವ ಲೋಗೋ, ಅದಕ್ಕೊಂದು ಮ್ಯೂಸಿಕ್. ಅತ್ತ ನೋಡುವವರ ಸೈಕಲ್ ತಲೆಕೆಳಗಾಗಿ ನಿಂತಿದೆ, ಕೈಯೆಲ್ಲ ಗ್ರೀಸ್, ಬ್ರೇಕ್ ಪ್ಯಾಡ್ ರಿಮ್‌ಗೆ ಉಜ್ಜುತ್ತಿದೆ. ಅವರಿಗೆ ನಿಮ್ಮ ಲೋಗೋ ಯಾಕೆ ಬೇಕು?

ಹೀಗೆ ಶುರು ಮಾಡಿ. ಮೊದಲ ಶಾಟ್‌ನಲ್ಲೇ ಚಕ್ರ ತಿರುಗಲಿ, ಉಜ್ಜುವ ಸದ್ದು ಕೇಳಲಿ. "ವಿ-ಬ್ರೇಕ್ ಬಲಗಡೆ ಮಾತ್ರ ಉಜ್ಜುತ್ತಿದೆಯಾ? ಬಲಗಡೆಯ ತೋಳಿನ ಬುಡದಲ್ಲಿ ಈ ಸಣ್ಣ ಸ್ಕ್ರೂ ಇದೆ ಅಲ್ವಾ, ಇದನ್ನು ಸ್ವಲ್ಪ ಬಿಗಿ ಮಾಡಿ, ಪ್ಯಾಡ್ ದೂರ ಸರಿಯುತ್ತದೆ." ಎಲ್ಲ ಮೊದಲೇ ಹೇಳಿಬಿಟ್ಟರೆ ಮುಂದೆ ಯಾರು ನೋಡುತ್ತಾರೆ ಅಂತ ಭಯವೇ? ನೋಡುತ್ತಾರೆ. ಸ್ಕ್ರೂ ತಿರುಗಿಸಿದರೂ ಸರಿಹೋಗದಿದ್ದರೆ ಏನು ಮಾಡೋದು, ರಿಮ್ಮೇ ಸೊಟ್ಟಗಾಗಿದ್ದರೆ ಹೇಗೆ ಗೊತ್ತಾಗುತ್ತದೆ, ಇದಕ್ಕೆಲ್ಲ ಉತ್ತರ ಬೇಕಲ್ಲ. ನಿಮ್ಮ ಪರಿಚಯ ಆಮೇಲೆ ಹೇಳಿದರೂ ನಡೆಯುತ್ತದೆ.

2012ರಲ್ಲೇ ಯೂಟ್ಯೂಬ್ ಬರೀ ಕ್ಲಿಕ್ ಎಣಿಸುವುದನ್ನು ಬಿಟ್ಟು, ಜನ ಎಷ್ಟು ಹೊತ್ತು ನೋಡುತ್ತಾರೆ ಅನ್ನುವುದಕ್ಕೆ ಹೆಚ್ಚು ಬೆಲೆ ಕೊಡಲು ಶುರು ಮಾಡಿತು. ಹಾಗಾಗಿ ಆ ಗೆರೆಯೇ ನಿಮಗೆ ಮೇಷ್ಟ್ರು. ಅದರ ಉಬ್ಬುಗಳನ್ನು ಗುರುತು ಹಾಕಿಕೊಳ್ಳಿ. ಹತ್ತು ನಿಮಿಷದ ವಿಡಿಯೋದಲ್ಲಿ ರಿಮ್ ನೇರ ಮಾಡುವ ಒಂದು ನಿಮಿಷವನ್ನೇ ಜನ ಮತ್ತೆ ಮತ್ತೆ ನೋಡಿದ್ದಾರಾ? ಮುಂದಿನ ವಿಡಿಯೋ ಅದೇ.

ನಾಯಿ ಮುದ್ದಾಗಿಯೇ ಇರಬಹುದು. ಆದರೆ ಬ್ರೇಕ್ ಸರಿಮಾಡಲು ಬಂದವರು ನಾಯಿ ನೋಡಲು ಬಂದವರಲ್ಲ. ಅದಕ್ಕೆ ಬೇರೆ ಚಾನೆಲ್ ಮಾಡಿ. ಪ್ರವಾಸವಾದರೆ ಸೈಕಲ್ ಮೇಲೆ ಹೋಗಿ, ದಾರಿಯಲ್ಲಿ ಏನು ಕೆಟ್ಟಿತು, ಹೇಗೆ ಸರಿಮಾಡಿದಿರಿ ಅಂತ ತೋರಿಸಿ.

ಇನ್ನು ಹಣದ ವಿಷಯ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್, ಜೊತೆಗೆ ಹಿಂದಿನ 12 ತಿಂಗಳಲ್ಲಿ 4,000 ಗಂಟೆ ವಾಚ್ ಟೈಮ್ ಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವ್ಯೂಸ್ ಬರಬೇಕು. 4,000 ಗಂಟೆ ಅಂದರೆ 2,40,000 ನಿಮಿಷ. ಒಬ್ಬೊಬ್ಬರು ಸರಾಸರಿ 4 ನಿಮಿಷ ನೋಡಿದರೆ ವರ್ಷಕ್ಕೆ 60,000 ವ್ಯೂಸ್ ಸಾಕು. 50 ವಿಡಿಯೋಗಳಿಗೆ ಹಂಚಿದರೆ ಒಂದಕ್ಕೆ 1,200. ಸುಲಭ ಅಲ್ಲ, ಆದರೆ ಆಗದ ಮಾತೂ ಅಲ್ಲ. ಬ್ರೇಕ್ ಉಜ್ಜುವುದು ಮುಂದಿನ ವರ್ಷವೂ ಇರುತ್ತದೆ, ಜನ ಹುಡುಕುತ್ತಲೇ ಇರುತ್ತಾರೆ. ಹಳೆಯ ವಿಡಿಯೋಗಳೂ ನಿಮ್ಮ ಪರವಾಗಿ ದುಡಿಯುತ್ತವೆ. ಒಂದು ಮಾತು ನೆನಪಿರಲಿ: ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಈ 4,000 ಗಂಟೆಗೆ ಸೇರುವುದಿಲ್ಲ.

ಜಾಹೀರಾತಿನ ಪಾಲಿಗೆ ಯೂಟ್ಯೂಬ್‌ನಿಂದ ಅನುಮತಿ ಸಿಕ್ಕ ಮೇಲೆ ಉದ್ದದ ವಿಡಿಯೋಗಳ ಜಾಹೀರಾತು ಹಣದಲ್ಲಿ 55%, ಶಾರ್ಟ್ಸ್‌ನಲ್ಲಿ ನಿಮ್ಮ ಲೆಕ್ಕಕ್ಕೆ ಬಂದ ಹಣದಲ್ಲಿ 45% ನಿಮಗೆ. 8 ನಿಮಿಷ ಅಥವಾ ಅದಕ್ಕಿಂತ ಉದ್ದದ ವಿಡಿಯೋ ಆದರೆ ಮಧ್ಯದಲ್ಲೂ ಜಾಹೀರಾತು ಹಾಕಬಹುದು. ಆ ಆಸೆಗೆ 5 ನಿಮಿಷದ ವಿಷಯವನ್ನು ಎಳೆದೂ ಎಳೆದೂ 8 ಮಾಡಿದರೆ ಗೆರೆ ಮತ್ತೆ ಬೀಳುತ್ತದೆ.

ಪ್ರಶ್ನೆ: ಫೋನಿನಲ್ಲೇ ಶೂಟ್ ಮಾಡುತ್ತೇನೆ. ಒಳ್ಳೆ ಕ್ಯಾಮೆರಾ ತಗೊಳ್ಳಲಾ?

ಉತ್ತರ: ಬೇಡ, ಮೊದಲು ಕಾಲರ್‌ಗೆ ಸಿಕ್ಕಿಸುವ ಮೈಕ್ ತಗೊಳ್ಳಿ. ಚಿತ್ರ ಸ್ವಲ್ಪ ಮಂಕಾದರೂ ಜನ ಸಹಿಸಿಕೊಳ್ಳುತ್ತಾರೆ. ಫ್ಯಾನ್ ಸದ್ದಿನ ನಡುವೆ ಮಾತು ಕೇಳದಿದ್ದರೆ ಒಂದು ಕ್ಷಣವೂ ನಿಲ್ಲುವುದಿಲ್ಲ.

ಪ್ರಶ್ನೆ: "ನೀವು ನನ್ನದು ಸಬ್‌ಸ್ಕ್ರೈಬ್ ಮಾಡಿ, ನಾನು ನಿಮ್ಮದು ಮಾಡುತ್ತೇನೆ" ಅನ್ನುವ ಗ್ರೂಪ್ ಒಂದಕ್ಕೆ ಸೇರಿದ್ದೇನೆ. ತಪ್ಪೇನಾದರೂ ಇದೆಯಾ?

ಉತ್ತರ: ಯೂಟ್ಯೂಬ್ ನಿಯಮಕ್ಕೆ ವಿರುದ್ಧ. ನಿಯಮ ಹಾಗಿರಲಿ, ಲಾಭವೂ ಇಲ್ಲ. ಆ ಜನ ನಿಮ್ಮ ವಿಡಿಯೋ ನೋಡುವುದೇ ಇಲ್ಲ. ಇವತ್ತೇ ಹೊರಗೆ ಬನ್ನಿ.

ಪ್ರಶ್ನೆ: ಸಿನಿಮಾ ಹಾಡನ್ನು 10 ಸೆಕೆಂಡಿಗಿಂತ ಕಡಿಮೆ ಬಳಸಿದರೆ ಕಾಪಿರೈಟ್ ತೊಂದರೆ ಬರಲ್ಲ ಅಂತಾರೆ. ನಿಜವೇ?

ಉತ್ತರ: ಸುಮ್ನೆ ಹಬ್ಬಿಸಿದ ಮಾತು. ಅಂಥ ಲೆಕ್ಕ ಯಾವುದೂ ಇಲ್ಲ. "ಹಾಡಿನ ಹಕ್ಕು ಮಾಲೀಕರದ್ದು" ಅಂತ ಕೆಳಗೆ ಬರೆದರೂ ರಕ್ಷಣೆ ಸಿಗುವುದಿಲ್ಲ. ಯೂಟ್ಯೂಬ್‌ನ ಕಂಟೆಂಟ್ ಐಡಿ ವ್ಯವಸ್ಥೆ ಹಾಡನ್ನು ತಾನೇ ಗುರುತು ಹಿಡಿದು ಕ್ಲೇಮ್ ಹಾಕಿದರೆ ಸಾಮಾನ್ಯವಾಗಿ ಆ ವಿಡಿಯೋದ ಹಣ ಹಾಡಿನ ಮಾಲೀಕರಿಗೆ ಹೋಗುತ್ತದೆ, ಕೆಲವೊಮ್ಮೆ ವಿಡಿಯೋನೇ ಬ್ಲಾಕ್ ಆಗುತ್ತದೆ. ಮಾಲೀಕರು ದೂರು ಕೊಟ್ಟು ವಿಡಿಯೋ ತೆಗೆಸಿದಾಗ ಬರುವ ಕಾಪಿರೈಟ್ ಸ್ಟ್ರೈಕ್ ಇನ್ನೂ ಗಂಭೀರ. 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ಸ್ಟುಡಿಯೋ ಒಳಗೇ ಆಡಿಯೋ ಲೈಬ್ರರಿ ಇದೆ, ಅದರಿಂದ ತಗೊಳ್ಳಿ.

ಪ್ರಶ್ನೆ (ಇನ್ನೊಬ್ಬ ಓದುಗರಿಂದ): ನನ್ನ ಚಾನೆಲ್‌ಗೆ ಮೂರು ತಿಂಗಳಿಂದ ಹಣ ಬರುತ್ತಿದೆ. ಡಿಸೆಂಬರ್‌ನದು ಸಂಬಳಕ್ಕಿಂತ ಜಾಸ್ತಿ ಇತ್ತು. ಕೆಲಸ ಬಿಡಲಾ?

ಉತ್ತರ: ಖುಷಿಯ ವಿಷಯ, ಆದರೆ ಈಗಲೇ ಬೇಡ. ವರ್ಷದ ಕೊನೆಯಲ್ಲಿ ಕಂಪನಿಗಳು ಜಾಹೀರಾತಿಗೆ ಜಾಸ್ತಿ ಖರ್ಚು ಮಾಡುತ್ತವೆ, ಜನವರಿಯಲ್ಲಿ ಕೈ ಬಿಗಿ ಹಿಡಿಯುತ್ತವೆ. ಅಷ್ಟೇ ವ್ಯೂಸ್ ಬಂದರೂ ಹಣ ಕಡಿಮೆ ಬರಬಹುದು. ಆ ಹಣ ಒಂದೇ ವಿಡಿಯೋದಿಂದ ಬಂತೋ, ಹತ್ತಾರು ವಿಡಿಯೋಗಳಿಂದ ಬಂತೋ ಅಂತಲೂ ನೋಡಿ. ಒಂದೇ ಆದರೆ ಅದು ಇಳಿದ ದಿನ ಕಷ್ಟ. ಜನವರಿ, ಫೆಬ್ರವರಿ, ಮಾರ್ಚ್ ಲೆಕ್ಕ ಕೈಗೆ ಬರಲಿ. ಆಮೇಲೆ ಮತ್ತೆ ಬರೆಯಿರಿ, ಕೂತು ಮಾತಾಡೋಣ.