ಕಲಬುರಗಿಯಲ್ಲಿ ಹೊಸ ಸಂಸಾರ: ನೀರು, ಬಿಸಿಲು, ಬಾಡಿಗೆ ಮನೆ

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ನಮ್ಮದು ಹಾಸನ. ಮದುವೆಯಾದ ಹೊಸದು. ಯಜಮಾನರಿಗೆ ಕಲಬುರಗಿಗೆ ವರ್ಗವಾಗಿದೆ. ಸೇಡಂ ರಸ್ತೆ ಕಡೆ ಎರಡು ಮನೆ ನೋಡಿದ್ದೇವೆ. ಒಂದು ನೆಲಮಹಡಿಯ ಹಳೇ ಮನೆ, ಶಹಾಬಾದ್ ಕಲ್ಲಿನ ನೆಲ. ಇನ್ನೊಂದು ಮೂರನೇ ಮಹಡಿಯ ಹೊಸ ಮನೆ, ಗಾಳಿ ಬೆಳಕು ಚೆನ್ನಾಗಿದೆ, ಬಾಡಿಗೆಯೂ ಕಡಿಮೆ. ಯಾವುದು ಹಿಡಿಯಬೇಕು?

ಉತ್ತರ: ನೀರಿನ ವ್ಯವಸ್ಥೆ ಸರಿಯಿದ್ದರೆ ಕೆಳಗಿನ ಮನೆಯನ್ನೇ ಹಿಡಿಯಿರಿ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಮಾಮೂಲು. ಮೇಲೆ ಇನ್ನೊಂದು ಅಂತಸ್ತಿಲ್ಲದ ಆರ್‌ಸಿಸಿ ಛಾವಣಿ ದಿನವಿಡೀ ಕಾದು, ಆ ಕಾವನ್ನು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಹತ್ತು ಗಂಟೆಗೆ ಹೊರಗೆ ತಂಗಾಳಿ ಬೀಸುತ್ತಿದ್ದರೂ ಒಳಗೆ ಮಲಗುವುದಕ್ಕಾಗುವುದಿಲ್ಲ. ಮಲಗುವ ಕೋಣೆಯ ಗೋಡೆ ಪಡುವಣಕ್ಕಿದ್ದರೆ ತೊಂದರೆ ದುಪ್ಪಟ್ಟು. ಬಾಡಿಗೆಯಲ್ಲಿ ಉಳಿಸಿದ ಹಣ ಮೂರು ತಿಂಗಳ ಕರೆಂಟ್ ಬಿಲ್ಲಿನಲ್ಲಿ ಹೋಗುತ್ತದೆ. ಮನೆಯನ್ನು ಮುಂಜಾನೆ ನೋಡಬೇಡಿ. ಮಧ್ಯಾಹ್ನ ಮೂರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ಹೋಗಿ ಮಲಗುವ ಕೋಣೆಯ ಗೋಡೆ ಮುಟ್ಟಿ ನೋಡಿ.

ನೀರಿನ ವಿಷಯದಲ್ಲಿ ಮಾಲೀಕರಿಗೆ ಸಂಕೋಚವಿಲ್ಲದೆ ಪ್ರಶ್ನೆ ಹಾಕಿ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತಿಗೆ? ಸಂಪ್ ಎಷ್ಟು ಲೀಟರಿನದು, ಎಷ್ಟು ಮನೆಗಳಿಗೆ ಸೇರಿದ್ದು? ನಗರಗಳಿಗೆ ಸರ್ಕಾರಿ ಲೆಕ್ಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಹಿಡಿಯುತ್ತಾರೆ. ಇಬ್ಬರಿಗೆ 270. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಬಡಾವಣೆಯಾದರೆ ನಿಮ್ಮ ಪಾಲಿಗೆ ಕನಿಷ್ಠ 1,100 ಲೀಟರ್ ಸಂಗ್ರಹ ಬೇಕು. ಬೇಸಿಗೆಯಲ್ಲಿ ಕೂಲರ್ ಒಂದೇ ದಿನಕ್ಕೆ ಇನ್ನೊಂದು 50 ಲೀಟರ್ ಕುಡಿಯುತ್ತದೆ. ಬಾಗಿಲಿಗೆ ಟ್ಯಾಂಕರ್ ತರಿಸುವುದಾದರೆ ಅದು ಹೊತ್ತು ತಂದಷ್ಟು ನೀರನ್ನು ಸಂಪ್ ಹಿಡಿಯಬೇಕು. ಇಲ್ಲದಿದ್ದರೆ ಹಿಡಿಯದ ನೀರಿಗೂ ದುಡ್ಡು ಕೊಟ್ಟಂತೆ.

ಬಹಳ ಜನ ಕೇಳುವುದನ್ನು ಮರೆಯುವ ಸಂಗತಿ ಇನ್ನೊಂದಿದೆ: ಪಂಪಿನ ಮೋಟರ್ ಯಾರ ಮೀಟರಿನಲ್ಲಿದೆ? ಒಂದು ಎಚ್‌ಪಿ ಮೋಟರ್ ಒಂದು ತಾಸು ಓಡಿದರೆ ಹತ್ತಿರ ಹತ್ತಿರ ಒಂದು ಯೂನಿಟ್. ದಿನಾ ಒಂದು ತಾಸೆಂದರೆ ತಿಂಗಳಿಗೆ 30 ಯೂನಿಟ್. ನಿಮ್ಮ ಮೀಟರಿನಿಂದ ಇಡೀ ಕಟ್ಟಡಕ್ಕೆ ನೀರೇರುತ್ತಿದ್ದರೆ ಅದರ ಪರಿಣಾಮವೇನೆಂದು ಮುಂದಿನ ಉತ್ತರದಲ್ಲಿ ನೋಡಿ.

ಶಹಾಬಾದ್ ಕಲ್ಲಿನ ನೆಲ ಬೇಸಿಗೆಯಲ್ಲಿ ಕಾಲಿಗೆ ತಂಪು. ಆದರೆ ಅದು ಸುಣ್ಣದ ಕಲ್ಲು. ಕಕ್ಕಸು ತೊಳೆಯುವ ಆ್ಯಸಿಡ್, ನಿಂಬೆಹುಳಿ, ವಿನೆಗರ್ ಬಿದ್ದರೆ ಹೊಳಪು ಹೋಗಿ ಬಿಳಿ ಕಲೆ ನಿಲ್ಲುತ್ತದೆ. ಅದನ್ನು ತಿಕ್ಕಿ ತೆಗೆಯಲಾಗದು, ಮತ್ತೆ ಪಾಲಿಶ್ ಹೊಡೆಸಬೇಕು. ಮನೆ ಹೊಕ್ಕ ದಿನವೇ ನೆಲದ ಫೋಟೊ ತೆಗೆದಿಟ್ಟುಕೊಂಡರೆ ಮುಂಗಡ ವಾಪಸ್ ಪಡೆಯುವಾಗ ಜಗಳವಿರುವುದಿಲ್ಲ.

ಪ್ರಶ್ನೆ: ಎಸಿ ತಗೋಬೇಕೋ, ಕೂಲರ್ ಸಾಕೋ? ಗೃಹಜ್ಯೋತಿ ಇರುವುದರಿಂದ ಬಿಲ್ ಬರುವುದಿಲ್ಲ ಎನ್ನುತ್ತಾರೆ. ಅದು ಬಾಡಿಗೆದಾರರಿಗೂ ಸಿಗುತ್ತದೆಯೇ? – ಜೇವರ್ಗಿ ರಸ್ತೆ, ಕಲಬುರಗಿ

ಉತ್ತರ: ಬಾಡಿಗೆದಾರರಿಗೂ ಸಿಗುತ್ತದೆ. ನಿಮ್ಮ ಆಧಾರ್ ಹಳೇ ಊರಿನ ಮೀಟರಿಗೆ ಜೋಡಣೆಯಾಗಿದ್ದರೆ ಮೊದಲು ಸೇವಾಸಿಂಧುವಿನಲ್ಲಿ ಅದನ್ನು ಬಿಡಿಸಿ (ಡಿ-ಲಿಂಕ್), ಆಮೇಲೆ ಈ ಮನೆಯ ಕರೆಂಟ್ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರಿಗೆ ಅರ್ಜಿ ಹಾಕಿ. ಹಿಂದಿನ ಬಾಡಿಗೆದಾರರು ಬಿಡಿಸದೆ ಹೋಗಿದ್ದರೆ ಮಾಲೀಕರಿಂದ ಅವರಿಗೆ ಫೋನ್ ಮಾಡಿಸಿ. ಜೆಸ್ಕಾಂ (ಇಲ್ಲಿನ ವಿದ್ಯುತ್ ಕಂಪನಿ) ಕಚೇರಿಗೆ ಹೋಗುವಾಗ ಹಳೇ ಬಿಲ್ ಕೈಯಲ್ಲಿರಲಿ.

ಎಲ್ಲ ಮನೆಗಳಿಗೂ 200 ಯೂನಿಟ್ ಪುಕ್ಕಟೆ ಎಂದು ತಿಳಿಯಬೇಡಿ. ಹಿಂದಿನ ಬಳಕೆಯ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಪ್ರತಿ ಮೀಟರಿಗೆ ಒಂದು ಪ್ರಮಾಣ ಗೊತ್ತುಮಾಡಿರುತ್ತಾರೆ. ಆ ಪ್ರಮಾಣ ದಾಟಿ 200ರೊಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ. ಒಟ್ಟು 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಈ ಗೆರೆಯನ್ನು ಮನಸ್ಸಿನಲ್ಲಿಟ್ಟು ಲೆಕ್ಕ ಹಾಕೋಣ.

ಫ್ರಿಜ್ ತಿಂಗಳಿಗೆ ಸುಮಾರು 30 ಯೂನಿಟ್. 75 ವಾಟಿನ ಎರಡು ಹಳೇ ಫ್ಯಾನ್ ದಿನಕ್ಕೆ 15 ತಾಸು ತಿರುಗಿದರೆ 67. ದೀಪ, ಟಿವಿ, ಮಿಕ್ಸರ್ 20. ಇಲ್ಲಿಗೆ 117 ಆಯಿತು. 200 ವಾಟಿನ ಕೂಲರ್ ದಿನಕ್ಕೆ 12 ತಾಸು ನಡೆದರೆ ತಿಂಗಳಿಗೆ 72, ಒಟ್ಟು 189. ಗೆರೆಯ ಒಳಗೇ ಇದ್ದೀರಿ. ಇದಕ್ಕೆ ನೀರಿನ ಮೋಟರಿನ 30 ಸೇರಿದರೆ ದಾಟಿದಿರಿ. ಎಸಿ ಮಾತೇ ಬೇರೆ. ಒಂದೂವರೆ ಟನ್ನಿನದು ತಾಸಿಗೆ 1.2ರಿಂದ 1.5 ಯೂನಿಟ್ ಎಳೆಯುತ್ತದೆ, ರಾತ್ರಿ ಎಂಟು ತಾಸು ಹಾಕಿದರೆ ಅದೊಂದೇ 300ರ ಆಸುಪಾಸು. ಆದ್ದರಿಂದ ಮೊದಲ ವರ್ಷ ಕೂಲರ್ ಸಾಕೆಂದೇ ನಮ್ಮ ಸಲಹೆ. ಕೈಯಲ್ಲಿ ಇನ್ನಷ್ಟು ಹಣವಿದ್ದರೆ 30 ವಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ ಎರಡು ಕೊಳ್ಳಿ. ತಿಂಗಳಿಗೆ 40 ಯೂನಿಟ್ ಉಳಿಯುತ್ತದೆ, ಮನೆ ಬದಲಿಸುವಾಗ ಬಿಚ್ಚಿಕೊಂಡು ಹೋಗಬಹುದು.

ನಮ್ಮ ಸೀಮೆಯ ಬಿಸಿಲು ಒಣಬಿಸಿಲು. ಕೂಲರಿಗೆ ಇದಕ್ಕಿಂತ ಒಳ್ಳೆಯ ಹವೆ ಬೇಕಿಲ್ಲ. ಆದರೂ ಹೊಸಬರಲ್ಲಿ ಹೆಚ್ಚಿನವರು ಅದನ್ನು ಕೋಣೆಯೊಳಗಿಟ್ಟು ಎಸಿಯಂತೆ ಬಾಗಿಲು ಕಿಟಕಿ ಮುಚ್ಚಿ ಕೂರುತ್ತಾರೆ. ಅರ್ಧ ತಾಸಿನಲ್ಲಿ ಕೋಣೆಯ ಗಾಳಿ ನೀರಿನ ಆವಿಯಿಂದ ತುಂಬಿ, ಮೈ ಅಂಟಂಟಾಗಿ, ತಂಪು ನಿಂತುಹೋಗುತ್ತದೆ. ಕೂಲರಿನ ಬೆನ್ನು ಕಿಟಕಿಯ ಹೊರಗಿರಬೇಕು, ಹೊರಗಿನ ಒಣಗಾಳಿಯನ್ನು ಎಳೆಯಬೇಕು. ಎದುರಿನ ಕಿಟಕಿಯೋ ಬಾಗಿಲೋ ಕೂಲರಿನ ಬಾಯಿಯಷ್ಟಾದರೂ ತೆರೆದಿರಬೇಕು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗಾಳಿ ಎರಡು ನಿಮಿಷಕ್ಕೊಮ್ಮೆ ಬದಲಾಗಲು ತಾಸಿಗೆ ಸುಮಾರು 1,000 ಘನ ಮೀಟರ್ ಗಾಳಿ ಬಿಡುವ ಕೂಲರ್ ಸಾಕು. ದೊಡ್ಡದು ಕೊಂಡರೆ ಸದ್ದು, ನೀರು ಎರಡೂ ಹೆಚ್ಚು. ಮಳೆಗಾಲ ಶುರುವಾಗಿ ಗಾಳಿಯಲ್ಲಿ ತೇವ ಏರಿದ ಮೇಲೆ ಪಂಪ್ ಬಂದ್ ಮಾಡಿ ಬರೀ ಫ್ಯಾನ್ ಹಾಕಿ.

ಈಗ ಗಡಸು ನೀರಿನ ಮಾತು. ಕೂಲರಿನಿಂದ ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಕಡಿಮೆಯಾದಂತೆ ಮೇಲಿಂದ ಸುರಿಯುತ್ತಾ ಹೋದರೆ ತೊಟ್ಟಿಯ ನೀರು ದಿನದಿನಕ್ಕೆ ಗಡಸಾಗಿ ಪ್ಯಾಡಿನ ತುಂಬ ಬಿಳಿ ಪೊರೆ ಕಟ್ಟುತ್ತದೆ, ಗಾಳಿ ದಾಟುವುದಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಒರೆಸಿ ತುಂಬಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಬೆಳೆಯಲು ಒಂದು ವಾರದಿಂದ ಹತ್ತು ದಿನ ಬೇಕಾಗುವುದರಿಂದ ಆ ಕಾಟವೂ ಇದರಿಂದಲೇ ತಪ್ಪುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಕೂಲರಿಗೆ ಹಾಕುವ ಮನೆಗಳಿವೆ. ದಯವಿಟ್ಟು ಬೇಡ, ಆ ನೀರು ನಳದ ನೀರಿಗಿಂತಲೂ ಉಪ್ಪು. ಅದನ್ನು ನೆಲ ಒರೆಸಲು, ಕಕ್ಕಸಿಗೆ ಬಳಸಿ.

ಪ್ರಶ್ನೆ: ನಮ್ಮ ತಗಡಿನ ಕೂಲರ್ ಮುಟ್ಟಿದರೆ ಕೈ ಝುಮ್ಮೆನ್ನುತ್ತದೆ. ಹಸಿ ನೆಲದ ಮೇಲೆ ನಿಂತರೆ ಹೆಚ್ಚು. ಪರವಾಗಿಲ್ಲವೇ? – ಬೀದರ್

ಉತ್ತರ: ಇದನ್ನು ಓದಿದ ಕೂಡಲೇ ಪ್ಲಗ್ ಕಿತ್ತುಬಿಡಿ, ದುರಸ್ತಿಯಾಗುವವರೆಗೆ ಹಾಕಲೇಬೇಡಿ. ಇಂದು ಝುಮ್ಮೆಂದದ್ದು ನಾಳೆ ಜೀವ ತೆಗೆಯಬಹುದು. ಪಂಪಿನ ವೈರಿನ ಹೊದಿಕೆ ಹರಿದು, ಇಲ್ಲವೆ ಮೋಟರಿನೊಳಗೆ ತೇವ ಸೇರಿ ಕರೆಂಟ್ ತಗಡಿಗೆ ಬರುತ್ತಿದೆ. ಅರ್ಥಿಂಗ್ ಸರಿಯಿದ್ದಿದ್ದರೆ ಅದು ನೆಲಕ್ಕೆ ಹೋಗುತ್ತಿತ್ತು, ಅಂದರೆ ದೋಷ ಎರಡು ಕಡೆ ಇದೆ. ಪಂಪ್ ಬದಲಿಸಿ, ಎರಡು ಪಿನ್ನಿನ ಪ್ಲಗ್ ತೆಗೆಸಿ ಮೂರು ಪಿನ್ನಿನದು ಹಾಕಿಸಿ, ಮೂರನೇ ವೈರನ್ನು ತಗಡಿಗೆ ಬೋಲ್ಟ್ ಮಾಡಿಸಿ. ಆ ಸಾಕೆಟ್ಟಿನಲ್ಲಿ ನಿಜವಾಗಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಪರೀಕ್ಷಿಸಲಿ. ಮನೆಯ ಬೋರ್ಡಿಗೆ, ಕರೆಂಟ್ ಸೋರಿದ ಕೂಡಲೇ ತಾನೇ ಆರುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಲು ಮಾಲೀಕರನ್ನು ಒತ್ತಾಯಿಸಿ. ಅವರು ಒಪ್ಪದಿದ್ದರೆ ನೀವೇ ಹಾಕಿಸಿಕೊಳ್ಳಿ. ನೀರು ತುಂಬುವಾಗ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗೇ ಹೊರಗಿರಬೇಕು.

ಪ್ರಶ್ನೆ: ತೊಗರಿಯ ನಾಡಿಗೆ ಬಂದು ಬೇಳೆ ಬೇಯಿಸಲಾಗುತ್ತಿಲ್ಲ! ಆರು ಸೀಟಿ ಹೊಡೆಸಿದರೂ ಕಾಳು ಕಾಳಾಗಿಯೇ ಇರುತ್ತದೆ. ಮಂಡ್ಯದಲ್ಲಿ ಮೂರೇ ಸೀಟಿಗೆ ಬೇಯುತ್ತಿತ್ತು. – ವೆಂಕಟೇಶ ನಗರ, ಕಲಬುರಗಿ

ಉತ್ತರ: ತಪ್ಪು ಬೇಳೆಯದಲ್ಲ. ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿದೆ, ಅದರ ರುಚಿಗೆ ಸಾಟಿಯಿಲ್ಲ. ನೀವು ಬೇಯಿಸುತ್ತಿರುವುದು ಬೋರಿನ ನೀರಿನಲ್ಲಿ ಇರಬೇಕು. ಗಡಸು ನೀರಿನ ಕ್ಯಾಲ್ಸಿಯಂ ಕಾಳಿನ ಕಣಗಳನ್ನು ಹಿಡಿದಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಬೇಳೆ ನೆನೆಸಲು, ಬೇಯಿಸಲು ಕುಡಿಯುವ ಆರ್‌ಒ ನೀರನ್ನೇ ಬಳಸಿ. ಅರ್ಧ ತಾಸು ನೆನೆಸಿ, ಒಂದು ಬಟ್ಟಲು ಬೇಳೆಗೆ ಮೂರು ಬಟ್ಟಲು ನೀರು, ಚಿಟಿಕೆ ಅರಿಸಿನ, ಹನಿ ಎಣ್ಣೆ. ಹುಣಸೆಹುಳಿ, ಟೊಮೆಟೊ ಮೊದಲೇ ಹಾಕಿದರೂ ಬೇಳೆ ಗಟ್ಟಿಯಾಗುತ್ತದೆ, ಬೆಂದ ಮೇಲೆ ಹಾಕಿ. ಸೋಡಾ ಹಾಕಿದರೆ ಬೇಯುವುದು ನಿಜ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ.

ಹಾಗೆ ಮಾಡಿಯೂ ಬೇಯದಿದ್ದರೆ ಬೇಳೆ ಹಳೆಯದು. ತೊಗರಿ ರಾಶಿ ಡಿಸೆಂಬರ್, ಜನವರಿಯಲ್ಲಿ. ಫೆಬ್ರುವರಿ ಹೊತ್ತಿಗೆ ಗಂಜಿನಲ್ಲಿ (ಸಗಟು ಮಾರುಕಟ್ಟೆಯಲ್ಲಿ) ಹೊಸ ಬೇಳೆ ಸಿಗುತ್ತದೆ. ಇಬ್ಬರ ಸಂಸಾರಕ್ಕೆ ತಿಂಗಳಿಗೆ ಮೂರು ಕಿಲೋ ಧಾರಾಳ. ವರ್ಷದ್ದು ಒಮ್ಮೆಲೇ ತುಂಬಿಡುವ ಉಮೇದು ಬೇಡ.

ಪ್ರಶ್ನೆ: ಜೋಳದ ರೊಟ್ಟಿ ಕಲಿಯುತ್ತಿದ್ದೇನೆ. ಬಡಿಯುವಾಗ ಅಂಚು ಸೀಳುತ್ತದೆ, ಎತ್ತುವಾಗ ಹರಿಯುತ್ತದೆ. – ಅದೇ ಓದುಗರು

ಉತ್ತರ: ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರಿನಲ್ಲಿ ಹಿಟ್ಟಿನ ಪಿಷ್ಟ ಬೆಂದು ಬರುವ ಜಿಗಿಯೇ ರೊಟ್ಟಿಯನ್ನು ಹಿಡಿದಿಡಬೇಕು. ನೀರು ಬಿಸಿಯಾದರೆ ಸಾಲದು, ಮರಳಬೇಕು. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ನೀರಿನಿಂದ ಶುರುಮಾಡಿ. ಎಸರು ಹಾಕಿ ಚಮಚದಿಂದ ಕಲಸಿ, ಐದು ನಿಮಿಷ ಮುಚ್ಚಿಟ್ಟು, ಕೈ ತಾಳುವಷ್ಟು ಬಿಸಿಯಿರುವಾಗಲೇ ನಾದಿ. ಪ್ರತಿ ಉಂಡೆಯನ್ನೂ ಬಡಿಯುವ ಮುಂಚೆ ಒದ್ದೆಗೈಯಲ್ಲಿ ಇನ್ನೊಮ್ಮೆ ನಾದಬೇಕು. ಅಂಚು ಸೀಳುವುದು ಈ ಎರಡನೇ ನಾದುವಿಕೆ ತಪ್ಪಿಸಿದಾಗಲೇ. ಹಂಚಿಗೆ ಹಾಕಿ ಮೇಲೆ ನೀರು ಸವರಿ, ಆ ನೀರು ಆರುತ್ತಿದ್ದಂತೆ ತಿರುವಿ. ಪೂರ್ತಿ ಒಣಗಿದ ಮೇಲೆ ತಿರುವಿದರೆ ಉಬ್ಬುವುದಿಲ್ಲ.

ಅಂಗಡಿಯ ಪೊಟ್ಟಣದ ಹಿಟ್ಟು ಬಿಟ್ಟುಬಿಡಿ. ಮಾಲ್ದಂಡಿ ಬಿಳಿಜೋಳ ಕೊಂಡು, ಎರಡು ವಾರಕ್ಕಾಗುವಷ್ಟು ಮಾತ್ರ ಗಿರಣಿಯಲ್ಲಿ ಸಣ್ಣಗೆ ಬೀಸಿಸಿ. ಒಂದು ಕಿಲೋ ಹಿಟ್ಟಿಗೆ 16ರಿಂದ 20 ರೊಟ್ಟಿ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ರುಚಿ ಕಹಿಯಾಗುತ್ತದೆ. ಎದುರು ಮನೆಯ ಅಕ್ಕೋರಿಗೆ ‘ಒಂದೀಟು ತೋರಸ್ರಿ’ ಎಂದು ಕೇಳಿ. ರೊಟ್ಟಿ ಬರುವುದಲ್ಲದೆ ಎಳ್ಳಮಾವಾಸ್ಯೆಗೆ ಅವರ ಹೊಲಕ್ಕೆ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣಲು ಕರೆಯೂ ಬಂದೀತು.

ಪ್ರಶ್ನೆ: ಗ್ಯಾಸ್, ಮತದಾರರ ಚೀಟಿ ವರ್ಗಾವಣೆ ಹೇಗೆ?

ಉತ್ತರ: ಸಿಲಿಂಡರ್, ರೆಗ್ಯುಲೇಟರ್ ಹಳೇ ಊರಿನ ಏಜೆನ್ಸಿಗೇ ಒಪ್ಪಿಸಿ ಟರ್ಮಿನೇಷನ್ ವೋಚರ್ ಪಡೆಯಿರಿ. ಅಂದು ಕಟ್ಟಿದ್ದ ಠೇವಣಿ ವಾಪಸ್ ಬರುತ್ತದೆ, ಇಲ್ಲಿ ಇಂದಿನ ದರದ ಠೇವಣಿ ಕಟ್ಟಬೇಕು. ಸಿಲಿಂಡರನ್ನು ರೈಲಿನಲ್ಲಿ ತರುವಂತಿಲ್ಲ. ಒಲೆಯನ್ನು ತನ್ನಿ, ರಬ್ಬರ್ ಪೈಪ್ ಐದು ವರ್ಷ ದಾಟಿದ್ದರೆ ಹೊಸದು ಹಾಕಿಸಿ. ಮತದಾರರ ಪಟ್ಟಿಗೆ ನಮೂನೆ 8. ನಮೂನೆ 6 ಹೊಸದಾಗಿ ಸೇರುವವರಿಗೆ, ಅದನ್ನು ತುಂಬಿದರೆ ಎರಡು ಕಡೆ ಹೆಸರಾಗುತ್ತದೆ. ಏಪ್ರಿಲ್, ಮೇನಲ್ಲಿ ಬಿಸಿಲಿನ ಕಾರಣ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ವಾಡಿಕೆ. ಊಟ ಮಾಡಿಕೊಂಡು ಹೋದರೆ ಬೀಗ ನೋಡಿ ಬರಬೇಕಾಗುತ್ತದೆ.

ಪ್ರಶ್ನೆ: ನನ್ನ ಕೆಲಸ ಯಾದಗಿರಿಯಲ್ಲಿ, ಯಜಮಾನರದು ಕಲಬುರಗಿಯಲ್ಲಿ. ಮನೆ ಎಲ್ಲಿ ಮಾಡಬೇಕು? – ಯಾದಗಿರಿ

ಉತ್ತರ: ಯಾರ ಕೆಲಸದ ವೇಳೆ ಬಿಗಿಯೋ ಅವರ ಊರಿನಲ್ಲಿ, ನಿಲ್ದಾಣದ ಹತ್ತಿರ. ವಾಡಿ ಮೇಲಿನ ರೈಲು ದಾರಿ ಸುಮಾರು 75 ಕಿ.ಮೀ. ತಿಂಗಳ ಸೀಸನ್ ಟಿಕೆಟ್ 150 ಕಿ.ಮೀ. ವರೆಗೆ ಸಿಗುವುದರಿಂದ ದಿನಾ ಓಡಾಡಬಹುದು. ಆದರೆ ಅದು ಎಲ್ಲ ರೈಲಿಗೂ ನಡೆಯದು, ಸೂಪರ್‌ಫಾಸ್ಟಿಗೆ ಹೆಚ್ಚುವರಿ ಹಣ ಕಟ್ಟಬೇಕು, ವಂದೇ ಭಾರತ್ ಅಂತೂ ಇಲ್ಲವೇ ಇಲ್ಲ. ನಿಮಗೆ ಹೊಂದುವ ಎರಡೆರಡು ಗಾಡಿಗಳನ್ನು ಮೊದಲೇ ಗುರುತಿಸಿಕೊಳ್ಳಿ, ಸಂಜೆಯದು ತಡವಾಗುವುದೇ ಹೆಚ್ಚು. ಓಡಾಡುವವರು ನೀವಾದರೆ ಇನ್ನೊಂದು ಅನುಕೂಲವಿದೆ. ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರ ಶಕ್ತಿ ಯೋಜನೆಯಡಿ ನಿಮಗೆ ಟಿಕೆಟ್ ಹಣವಿಲ್ಲ. ರೈಲು ತಪ್ಪಿದ ದಿನ ಬಸ್ ಹಿಡಿಯಿರಿ, ಆದರೆ ಬೇರೆ ರಾಜ್ಯಕ್ಕೆ ಹೋಗುವ ಬಸ್ಸನ್ನು ಹತ್ತಿದರೆ ಪೂರ್ತಿ ಚಾರ್ಜ್ ಕೊಡಬೇಕು. ಹತ್ತುವ ಮುಂಚೆ ಬೋರ್ಡ್ ಓದಿ.